ಇಳಿಜಾರು, ಮಣ್ಣು ಮತ್ತು ನಕ್ಷೆ: ಭೂಕುಸಿತದ ಭಯವನ್ನು ಅಳೆಯುವ ಬಗೆ

ಉತ್ತರ ಪಿನಾಕಿನಿಯ ದಡದಲ್ಲಿರುವ ನಾಗಲಮಡಿಕೆಯು ಪಾವಗಡ ತಾಲ್ಲೂಕಿನ ಹೋಬಳಿ ಕೇಂದ್ರಗಳಲ್ಲಿ ಒಂದು. ಇಲ್ಲಿಯ ಸುಬ್ರಹ್ಮಣ್ಯ ಕ್ಷೇತ್ರಕ್ಕೆ ಅಂತ್ಯ ಸುಬ್ರಹ್ಮಣ್ಯವೆಂದು ಹೆಸರು. ದೊಡ್ಡಬಳ್ಳಾಪುರದ ಸಮೀಪದ ಘಾಟಿ ಮಧ್ಯ ಸುಬ್ರಹ್ಮಣ್ಯ. ಪಶ್ಚಿಮ ಘಟ್ಟಗಳ ಬುಡದಲ್ಲಿರುವ ಕುಕ್ಕೆ ಆದಿ ಸುಬ್ರಹ್ಮಣ್ಯ. ಜನಮನದಲ್ಲಿ ಒಂದೇ ಸರದ ಮಣಿಗಳಂತಿರುವ ಈ ಮೂರು ಕ್ಷೇತ್ರಗಳು ನೆಲದ ದೃಷ್ಟಿಯಿಂದ ಒಂದಕ್ಕೊಂದು ತೀರ ಭಿನ್ನವಾಗಿವೆ. ನಾಗಲಮಡಿಕೆಯ ಸುತ್ತಿನಲ್ಲಿ ವರ್ಷಕ್ಕೆ 600 ಮಿಲಿಮೀಟರು ಮಳೆ ಬಿದ್ದರೆ ರೈತನು ಅದನ್ನು ಒಳ್ಳೆಯ ವರ್ಷವೆನ್ನುತ್ತಾನೆ. ಕುಕ್ಕೆಯ ಕಡೆ ಅಷ್ಟು ಮಳೆ ಜುಲೈ ತಿಂಗಳ ಒಂದೆರಡು ವಾರಗಳಲ್ಲಿಯೇ ಸುರಿದುಹೋಗುವುದುಂಟು. ಇಲ್ಲಿಯ ಬೆಟ್ಟಗಳು ಮಣ್ಣಿನ ಹೊದಿಕೆಯನ್ನು ಎಂದೋ ಕಳೆದುಕೊಂಡು ಬರಿಯ ಕಲ್ಲಾಗಿ ನಿಂತಿವೆ. ಅಲ್ಲಿಯ ಬೆಟ್ಟಗಳು ಆಳವಾದ ಮಣ್ಣನ್ನೂ ದಟ್ಟವಾದ ಕಾಡನ್ನೂ ಹೊತ್ತುಕೊಂಡಿವೆ.

2022ರ ಆಗಸ್ಟ್ 1ರಂದು, ಕುಕ್ಕೆ ಸುಬ್ರಹ್ಮಣ್ಯದ ಪರ್ವತಮುಖಿ ಎಂಬಲ್ಲಿ ಮನೆಯ ಹಿಂದಿನ ಗುಡ್ಡ ಕುಸಿದು ಇಬ್ಬರು ಪುಟ್ಟ ಬಾಲಕಿಯರು ಮಣ್ಣಿನಡಿ ಸಿಲುಕಿ ತೀರಿಕೊಂಡರು. ಆ ಗುಡ್ಡವು ಮಧುಗಿರಿಯ ಏಕಶಿಲಾ ಬೆಟ್ಟದಂತೆ ಆಕಾಶಕ್ಕೆ ಚಾಚಿದ ಶಿಖರವಲ್ಲ. ಮಧುಗಿರಿಯ ಬೆಟ್ಟವಾದರೋ ಕತ್ತೆತ್ತಿ ನೋಡಿದರೆ ಎದೆ ಝಲ್ಲೆನ್ನುವಷ್ಟು ಕಡಿದು. ಆದರೂ ಅದರ ಮೇಲೆ ಕೋಟೆ ಕಟ್ಟಿದ ಕಾಲದಿಂದ ಇಂದಿನವರೆಗೆ ಅದರ ಬುಡದಲ್ಲಿ ಊರು ಊರಾಗಿಯೇ ಉಳಿದಿದೆ. ಕಡಿದಾದುದು ನಿಂತಿತು, ಸಾಧಾರಣವಾದುದು ಕುಸಿಯಿತು. ಇದೇಕೆ ಹೀಗೆ ಎಂಬ ಪ್ರಶ್ನೆಯು ಭೂಗೋಳದ ಪ್ರಶ್ನೆ. ಎಲ್ಲಿ ಕುಸಿಯಬಹುದೆಂಬುದನ್ನು ಮುಂಚಿತವಾಗಿ ಗುರುತಿಸಲು ಸಾಧ್ಯವೇ ಎಂಬ ಇನ್ನೊಂದು ಪ್ರಶ್ನೆಗೆ ಇಂದು ಒಂದು ಶಾಲೆಯ ಗಣಕಯಂತ್ರದಲ್ಲಿಯೇ, ಒಂದು ಕಾಸೂ ವೆಚ್ಚವಿಲ್ಲದೆ, ತಕ್ಕಮಟ್ಟಿಗೆ ಉತ್ತರ ಹುಡುಕಬಹುದಾಗಿದೆ.

ನಕ್ಷೆಗಳು ಬಹುಕಾಲ ಸರ್ಕಾರದ ಬೀರುವಿನೊಳಗಿನ ವಸ್ತುಗಳಾಗಿದ್ದವು. ಭಾರತ ಸರ್ವೇಕ್ಷಣಾ ಇಲಾಖೆಯ ಸ್ಥಳಾಕೃತಿ ನಕ್ಷೆಗಳಲ್ಲಿ ಅನೇಕವು ಸಾರ್ವಜನಿಕರಿಗೆ ಸುಲಭವಾಗಿ ದೊರೆಯುತ್ತಿರಲಿಲ್ಲ. 2005ರ ರಾಷ್ಟ್ರೀಯ ನಕ್ಷಾ ನೀತಿಯಿಂದ ಬಿಗಿ ಸ್ವಲ್ಪ ಸಡಿಲವಾಯಿತು. 2021ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರವು ಹೊರಡಿಸಿದ ಮಾರ್ಗಸೂಚಿಗಳಿಂದ ಭಾರತೀಯರು ತಮ್ಮ ನಾಡಿನ ನಕ್ಷೆಗಳನ್ನು ಸಿದ್ಧಪಡಿಸಲು ಇದ್ದ ಅನುಮತಿಯ ಅಡ್ಡಿಗಳು ಬಹುಮಟ್ಟಿಗೆ ತೊಲಗಿದವು. ಇನ್ನೊಂದು ದಿಕ್ಕಿನಿಂದ ನಕ್ಷೆ ರಚಿಸುವ ಉಪಕರಣವೂ ಮುಕ್ತವಾಯಿತು. 2002ರಲ್ಲಿ ಗ್ಯಾರಿ ಶೆರ್ಮನ್ ಎಂಬವರು ಆರಂಭಿಸಿದ ಕ್ಯೂಜಿಐಎಸ್ ಎಂಬ ತಂತ್ರಾಂಶವನ್ನು ಇಂದು ಜಗತ್ತಿನ ಅನೇಕ ದೇಶಗಳ ಸ್ವಯಂಸೇವಕರು ಸೇರಿ ಬೆಳೆಸುತ್ತಿದ್ದಾರೆ. 1980ರ ದಶಕದಲ್ಲಿ ಅಮೆರಿಕದ ಸೈನ್ಯದ ಒಂದು ಪ್ರಯೋಗಾಲಯದಲ್ಲಿ ಹುಟ್ಟಿದ ಗ್ರಾಸ್ ಎಂಬ ತಂತ್ರಾಂಶವೂ ಈಗ ಎಲ್ಲರಿಗೂ ಮುಕ್ತವಾಗಿದ್ದು, ಅದರ ಲೆಕ್ಕಾಚಾರದ ಶಕ್ತಿಯನ್ನು ಕ್ಯೂಜಿಐಎಸ್‌ನ ಒಳಗಿನಿಂದಲೇ ಬಳಸಬಹುದು. ಇವು ಕೇವಲ ಬಿಟ್ಟಿಯಾಗಿ ಸಿಗುತ್ತವೆಂಬುದು ದೊಡ್ಡ ಮಾತಲ್ಲ. ಇವುಗಳ ಒಳಗಿನ ಲೆಕ್ಕವನ್ನು ಯಾರು ಬೇಕಾದರೂ ತೆರೆದು ನೋಡಬಹುದು, ತಿದ್ದಬಹುದು, ನೆರೆಯವನಿಗೆ ಪ್ರತಿ ಮಾಡಿ ಕೊಡಬಹುದು. ಹಾಗೆ ಕೊಡುವುದು ಕಾನೂನಿಗೆ ವಿರೋಧವಲ್ಲ. ನಕ್ಷೆಯ ಮೇಲೆ ಊರಿನ ಹೆಸರು, ಹಳ್ಳದ ಹೆಸರು, ಸೂಚಿಯ ಮಾತು ಇವೆಲ್ಲವನ್ನೂ ಕನ್ನಡ ಲಿಪಿಯಲ್ಲಿಯೇ ಬರೆಯಬಹುದೆಂಬುದು ಕನ್ನಡಿಗರಿಗೆ ಸಣ್ಣ ಅನುಕೂಲವೇನಲ್ಲ.

ಯಂತ್ರವಿದ್ದರೆ ಸಾಲದು, ಅದಕ್ಕೆ ಹಾಕುವ ಧಾನ್ಯ ಬೇಕು. ನೆಲದ ಎತ್ತರವೇ ಇಲ್ಲಿ ಮುಖ್ಯ ಧಾನ್ಯ. 2000ದ ಫೆಬ್ರವರಿಯಲ್ಲಿ ಎಂಡೆವರ್ ಎಂಬ ಅಮೆರಿಕದ ಗಗನನೌಕೆಯು 11 ದಿನಗಳ ಕಾಲ ಭೂಮಿಯನ್ನು ಸುತ್ತುತ್ತ, ರೇಡಾರ್ ಕಿರಣಗಳಿಂದ ಭೂಭಾಗದ ಬಹುಪಾಲಿನ ಎತ್ತರವನ್ನು ಅಳೆಯಿತು. ಸುಮಾರು 30 ಮೀಟರಿಗೊಂದು ಎತ್ತರವನ್ನು ಕೊಡುವ ಆ ದತ್ತಾಂಶವು ಈಗ ಎಲ್ಲರಿಗೂ ಉಚಿತ. ಭಾರತದ ಕಾರ್ಟೊಸ್ಯಾಟ್ ಉಪಗ್ರಹದ ಜೋಡಿಚಿತ್ರಗಳಿಂದ ರಚಿತವಾದ ಎತ್ತರದ ದತ್ತಾಂಶವು ಇಸ್ರೊ ಸಂಸ್ಥೆಯ ಭುವನ್ ತಾಣದಲ್ಲಿಯೂ, ಶಿಲೆಗಳ ವಿವರ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಭೂಕೋಶದಲ್ಲಿಯೂ ದೊರೆಯುತ್ತವೆ. ಎತ್ತರದ ದತ್ತಾಂಶವನ್ನು ಒಂದು ಅಕ್ಷಾಂಶ, ಒಂದು ರೇಖಾಂಶದಷ್ಟು ಅಗಲದ ಚೌಕಗಳಾಗಿ ಕತ್ತರಿಸಿ ಇಟ್ಟಿರುತ್ತಾರೆ. ಚೌಕಕ್ಕೆ ಅದರ ನೈಋತ್ಯ ಮೂಲೆಯ ಅಂಕಿಗಳೇ ಹೆಸರು. ಪಾವಗಡದ ನೆಲ 14 ಉತ್ತರ, 77 ಪೂರ್ವದ ಚೌಕದಲ್ಲಿದೆ. ಮಧುಗಿರಿ ಮತ್ತು ಘಾಟಿ ಅದರ ಕೆಳಗಿನ 13ರ ಚೌಕದಲ್ಲಿವೆ. ಕುಕ್ಕೆ, ಮಡಿಕೇರಿ, ತಲಕಾವೇರಿ ಈ ಮೂರೂ 12 ಉತ್ತರ, 75 ಪೂರ್ವದ ಒಂದೇ ಚೌಕದೊಳಗೆ ಅಡಗಿವೆ. ಹೀಗೆ ಮೂರು ಚೌಕಗಳನ್ನು ತರಿಸಿಕೊಂಡರೆ ಮೇಲೆ ಹೇಳಿದ ಪ್ರಶ್ನೆಗೆ ಬೇಕಾದ ನೆಲವೆಲ್ಲ ಕೈಗೆ ಬಂದಂತಾಯಿತು.

ತಂತ್ರಾಂಶವು ಇಳಿಜಾರನ್ನು ಕಂಡುಹಿಡಿಯುವ ರೀತಿ ಸರಳವಾದುದು. ಒಂದು ಕೋಶ, ಅದರ ಸುತ್ತಲಿನ ಎಂಟು ಕೋಶಗಳು, ಇವುಗಳ ಎತ್ತರಗಳನ್ನು ಹೋಲಿಸಿ, ಅಡ್ಡದೂರಕ್ಕೆ ಏರಿಕೆ ಎಷ್ಟೆಂಬುದನ್ನು ಅದು ಲೆಕ್ಕ ಹಾಕುತ್ತದೆ. 30 ಮೀಟರು ಅಡ್ಡದೂರದಲ್ಲಿ ನೆಲವು 21 ಮೀಟರು ಏರಿದರೆ ಅನುಪಾತ 0.7, ಅದು 35 ಡಿಗ್ರಿಯ ಇಳಿಜಾರು. ಪ್ರೌಢಶಾಲೆಯ ತ್ರಿಕೋನಮಿತಿಗಿಂತ ಹೆಚ್ಚಿನದೇನೂ ಇದರಲ್ಲಿಲ್ಲ. ಆದರೆ ಆರಂಭದಲ್ಲಿಯೇ ಒಂದು ಹೊಂಡವಿದೆ. ತಂದ ಚೌಕದಲ್ಲಿ ಅಡ್ಡದೂರವು ಡಿಗ್ರಿಗಳಲ್ಲಿಯೂ ಎತ್ತರವು ಮೀಟರುಗಳಲ್ಲಿಯೂ ಇರುತ್ತವೆ. ಎರಡನ್ನೂ ಒಂದೇ ಮಾನಕ್ಕೆ ತರದೆ ಇಳಿಜಾರನ್ನು ಲೆಕ್ಕಿಸಿದರೆ ಕೆರೆಯ ಅಂಗಳದ ಒಂದು ಮೀಟರಿನ ಉಬ್ಬು ಕೂಡ 90 ಡಿಗ್ರಿಯ ಹತ್ತಿರದ ಗೋಡೆಯಾಗಿ ತೋರುತ್ತದೆ! ಆದಕಾರಣ ಮೊದಲು ಚೌಕವನ್ನು ಮೀಟರುಗಳಲ್ಲಿ ಅಳೆಯುವ ಪ್ರಕ್ಷೇಪಕ್ಕೆ ಒಯ್ಯಬೇಕು. 72ರಿಂದ 78 ಪೂರ್ವ ರೇಖಾಂಶದವರೆಗಿನ ನೆಲಕ್ಕೆ 43ನೆಯ ಉತ್ತರ ವಲಯದ ಯುಟಿಎಂ ಪ್ರಕ್ಷೇಪವು ಸಲ್ಲುತ್ತದೆ. ಪಾವಗಡಕ್ಕೂ ಕೊಡಗಿಗೂ ಇದೊಂದೇ ಸಾಕು.

ಇಷ್ಟನ್ನು ಮಾಡಿ, 15 ಡಿಗ್ರಿಗಿಂತ ಕಡಿಮೆಯ ನೆಲಕ್ಕೆ ಹಸುರು, 15ರಿಂದ 25ರವರೆಗೆ ಹಳದಿ, 25ರಿಂದ 35ರವರೆಗೆ ಕಿತ್ತಳೆ, ಅದರ ಮೇಲಕ್ಕೆ ಕೆಂಪು ಎಂದು ಬಣ್ಣ ಹಚ್ಚಿದರೆ ಮನೋಹರವಾದ ನಕ್ಷೆಯೊಂದು ಮೂಡುತ್ತದೆ. ಮಧುಗಿರಿಯ ಬೆಟ್ಟ, ಪಾವಗಡದ ಕೋಟೆಯ ಬೆಟ್ಟ, ಕೊರಟಗೆರೆಯ ಸಿದ್ಧರಬೆಟ್ಟ ಇವು ಹಸುರು ಬಯಲಿನ ನಡುವೆ ಕೆಂಪು, ಕಿತ್ತಳೆಯ ಮಚ್ಚೆಗಳಾಗಿ ಎದ್ದು ಕಾಣುತ್ತವೆ. ಕೊಡಗಿನ ಚೌಕವಾದರೋ ಹಳದಿ ಮತ್ತು ಕಿತ್ತಳೆಯ ಸಮುದ್ರ. ಅನೇಕರು ಇಲ್ಲಿಗೇ ನಿಲ್ಲಿಸಿ, ಇದನ್ನೇ ಭೂಕುಸಿತದ ನಕ್ಷೆಯೆಂದು ಕರೆದುಬಿಡುತ್ತಾರೆ. ಇದಕ್ಕಿಂತ ದೊಡ್ಡ ತಪ್ಪು ಈ ವಿದ್ಯೆಯಲ್ಲಿ ಬೇರೊಂದಿಲ್ಲ. ಈ ನಕ್ಷೆಯ ಪ್ರಕಾರ ಮಧುಗಿರಿಯವರು ಇಂದೇ ಊರು ಬಿಡಬೇಕು, ಪರ್ವತಮುಖಿಯಂಥ ಕಡೆ ಅನೇಕ ಮನೆಗಳವರು ನಿಶ್ಚಿಂತೆಯಿಂದ ಮಲಗಬಹುದು!

ಕುಸಿಯುವುದು ಇಳಿಜಾರಲ್ಲ, ಇಳಿಜಾರಿನ ಮೇಲಿನ ವಸ್ತು. ಕಣದಲ್ಲಿ ರಾಶಿ ಹಾಕಿದ ರಾಗಿಯನ್ನು ನೋಡಿದರೆ ಇದರ ಮರ್ಮ ಅರಿವಾಗುತ್ತದೆ. ರಾಶಿಯು ಒಂದು ಗೊತ್ತಾದ ಓರೆಯಲ್ಲಿ ನಿಲ್ಲುತ್ತದೆ. ಕಾಳು ಕಾಳಿನ ನಡುವಣ ಘರ್ಷಣೆ ಅದನ್ನು ಹಿಡಿದಿರುತ್ತದೆ. ಮೇಲಿನಿಂದ ಇನ್ನೊಂದು ಮೊರ ಸುರಿದರೆ ಒಂದಿಷ್ಟು ಜಾರಿ ಮತ್ತೆ ಅದೇ ಓರೆಗೆ ಬರುತ್ತದೆ. ಬುಡದಿಂದ ಒಂದು ಸೇರು ರಾಗಿಯನ್ನು ಬಳಿದುಕೊಂಡರೆ ಬುಡ ಮಾತ್ರವಲ್ಲ, ನೆತ್ತಿಯವರೆಗಿನ ರಾಗಿಯೆಲ್ಲ ಸರಸರನೆ ಇಳಿದುಬರುತ್ತದೆ. ಮಣ್ಣಿಗೆ ಈ ಘರ್ಷಣೆಯ ಜೊತೆಗೆ ಅಂಟೂ ಉಂಟು, ಬೇರುಗಳ ಹಿಡಿತವೂ ಉಂಟು. ಆದ್ದರಿಂದ ಅದು ರಾಗಿಗಿಂತ ಕಡಿದಾಗಿ ನಿಲ್ಲಬಲ್ಲದು. ಆದರೆ ದಿನಗಟ್ಟಲೆ ಮಳೆ ಸುರಿದು ಕಣಗಳ ನಡುವಣ ರಂಧ್ರಗಳು ನೀರಿನಿಂದ ತುಂಬಿದಾಗ ಆ ನೀರಿನ ಒತ್ತಡವು ಕಣಗಳನ್ನು ಒಂದರಿಂದೊಂದು ದೂರ ತಳ್ಳುತ್ತದೆ. ಘರ್ಷಣೆ ಕುಗ್ಗುತ್ತದೆ, ಮಣ್ಣಿನ ಭಾರ ಮಾತ್ರ ಏರುತ್ತದೆ. ಹಿಡಿದಿಡುವ ಬಲವನ್ನು ಜಾರಿಸುವ ಬಲದಿಂದ ಭಾಗಿಸಿದಾಗ ಬರುವ ಅಂಕಿಗೆ ಎಂಜಿನಿಯರುಗಳು ಸುರಕ್ಷಾಂಕವೆನ್ನುತ್ತಾರೆ. ಅದು ಒಂದಕ್ಕಿಂತ ಕೆಳಗಿಳಿದ ಗಳಿಗೆಯಲ್ಲಿ ಗುಡ್ಡ ಹೊರಡುತ್ತದೆ.

ಮಧುಗಿರಿ, ಪಾವಗಡಗಳ ಬೆಟ್ಟಗಳು ಕ್ಲೋಸ್‌ಪೇಟೆ ಗ್ರಾನೈಟ್ ಎಂಬ, ಸುಮಾರು 250 ಕೋಟಿ ವರ್ಷಗಳ ಹಿಂದಿನ ಶಿಲಾಪಟ್ಟಿಗೆ ಸೇರಿದವು. ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಎಂಬ ಹೆಸರಿದ್ದುದರಿಂದ ಶಿಲೆಗೆ ಈ ಹೆಸರು ಬಂತು. ಅವುಗಳ ಮೈಮೇಲೆ ಜಾರಲು ಮಣ್ಣೇ ಇಲ್ಲ. ಬಿದ್ದ ಮಳೆಯು ನಿಲ್ಲದೆ ಹರಿದು ಕೆರೆ ಸೇರುತ್ತದೆ. ಕೊಡಗಿನಲ್ಲಾದರೋ ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿದ ಮಳೆಯು ಯುಗಯುಗಗಳಿಂದ ಶಿಲೆಯನ್ನು ಕೊಳೆಸಿ, ಹಲವು ಮೀಟರು ದಪ್ಪದ ಮೆತ್ತನೆಯ ಮಣ್ಣಾಗಿ ಮಾಡಿದೆ. ಅಂಥ ಮಣ್ಣು 20ರಿಂದ 40 ಡಿಗ್ರಿಯ ಇಳಿಜಾರುಗಳಲ್ಲಿ ಕುಳಿತಿರಬಲ್ಲದು, ಜಾರಬಲ್ಲದು. ಅದಕ್ಕಿಂತ ಕಡಿದಾದ ಜಾಗದಲ್ಲಿ ಮಣ್ಣು ಕುಳಿತುಕೊಳ್ಳುವುದೇ ಇಲ್ಲವಾದ್ದರಿಂದ ಅಲ್ಲಿ ಕುಸಿತವೂ ವಿರಳ. ಇಳಿಜಾರು ಹೆಚ್ಚಿದಷ್ಟೂ ಅಪಾಯ ಹೆಚ್ಚೆಂಬ ಸಾಮಾನ್ಯ ನಂಬಿಕೆಯು ಇಲ್ಲಿ ಮುರಿದು ಬೀಳುತ್ತದೆ.

ಹಾಗಾದರೆ ಇಳಿಜಾರು, ಮಣ್ಣು, ಶಿಲೆ, ಹಳ್ಳದಿಂದ ಇರುವ ದೂರ, ರಸ್ತೆಯಿಂದ ಇರುವ ದೂರ, ಕಾಡೋ ತೋಟವೋ ಎಂಬ ವಿವರ, ಇವುಗಳಲ್ಲಿ ಯಾವುದಕ್ಕೆ ಎಷ್ಟು ಬೆಲೆ ಕೊಡಬೇಕು? ಇದನ್ನು ಕೋಣೆಯಲ್ಲಿ ಕುಳಿತು ಊಹಿಸುವುದು ಸಲ್ಲದು. ಹಿಂದೆ ಕುಸಿದ ಗುಡ್ಡಗಳನ್ನೇ ಕೇಳಬೇಕು. 2018ರ ಆಗಸ್ಟ್ ಮಧ್ಯಭಾಗದಲ್ಲಿ ಮಡಿಕೇರಿ ತಾಲ್ಲೂಕಿನ ಮಕ್ಕಂದೂರು, ಹಟ್ಟಿಹೊಳೆ, ಮುಕ್ಕೋಡ್ಲು, ಮದೆನಾಡು, ಕಾಟಕೇರಿ ಮೊದಲಾದ ಕಡೆಗಳಲ್ಲಿಯೂ ದಕ್ಷಿಣ ಕನ್ನಡದ ಗಡಿಯ ಜೋಡುಪಾಲದಲ್ಲಿಯೂ ಗುಡ್ಡಗಳು ಸಾಲುಸಾಲಾಗಿ ಕುಸಿದವು. ಮನೆಗಳೊಡನೆ, ಕಾಫಿ ತೋಟಗಳೊಡನೆ ಹಲವು ಜೀವಗಳು ಮಣ್ಣುಪಾಲಾದವು. ಮಡಿಕೇರಿಯಿಂದ ಮಂಗಳೂರಿಗೆ ಹೋಗುವ ಹೆದ್ದಾರಿಯೇ ಕಡಿದುಹೋಯಿತು. ಆ ಗಾಯಗಳು ಉಪಗ್ರಹದ ಕಣ್ಣಿಗೆ ಕಾಣುತ್ತವೆ. ಯೂರೋಪಿನ ಸೆಂಟಿನೆಲ್-2 ಉಪಗ್ರಹಗಳು 10 ಮೀಟರು ಸೂಕ್ಷ್ಮತೆಯ ಚಿತ್ರಗಳನ್ನು ಕೆಲವು ದಿನಗಳಿಗೊಮ್ಮೆ ತೆಗೆದು ಉಚಿತವಾಗಿ ಕೊಡುತ್ತಿವೆ. 2018ರ ಬೇಸಗೆಯ ಒಂದು ಚಿತ್ರವನ್ನೂ ಮಳೆಗಾಲ ಮುಗಿದ ಮೇಲಿನ ಒಂದು ಚಿತ್ರವನ್ನೂ ಒಂದರ ಮೇಲೊಂದಿಟ್ಟು ನೋಡಿದರೆ ಹಸುರಿನ ನಡುವೆ ಕೆಂಪು ಮಣ್ಣಿನ ನಾಲಗೆಗಳು ಚಾಚಿಕೊಂಡಿರುವುದು ಕಾಣುತ್ತದೆ. ಆಗಸ್ಟ್ ತಿಂಗಳ ಚಿತ್ರದಲ್ಲಿ ಹುಡುಕುವುದು ವ್ಯರ್ಥ. ಅಲ್ಲಿ ಮೋಡ ಮಾತ್ರ ಸಿಗುತ್ತದೆ. ಈ ನಾಲಗೆಗಳ ಸುತ್ತ ಒಂದೊಂದಾಗಿ ಗೆರೆ ಎಳೆದು, ಕುಸಿತದ ತಲೆ ಎಲ್ಲಿ, ಬಾಲ ಎಲ್ಲಿ ಎಂದು ಗುರುತಿಸಿದ ಪಟ್ಟಿಯೇ ಕುಸಿತಗಳ ದಾಖಲೆ. ಬೇಸರ ಹುಟ್ಟಿಸುವ ಕೆಲಸವಿದು. ಆದರೆ ಮುಂದಿನ ಲೆಕ್ಕವೆಲ್ಲ ನಿಲ್ಲುವುದು ಇದರ ಮೇಲೆ.

ಲೆಕ್ಕದ ರೀತಿಯನ್ನು ಒಂದು ಕಲ್ಪಿತ ಉದಾಹರಣೆಯಿಂದ ತಿಳಿಯಬಹುದು. ಒಂದು ಪ್ರದೇಶದ ನೆಲದಲ್ಲಿ ನೂರಕ್ಕೆ 20 ಪಾಲು 25ರಿಂದ 35 ಡಿಗ್ರಿಯ ಇಳಿಜಾರಾಗಿದ್ದು, ಅಲ್ಲಿಯ ಕುಸಿತಗಳಲ್ಲಿ ನೂರಕ್ಕೆ 50 ಪಾಲು ಆ ಇಳಿಜಾರಿನಲ್ಲಿಯೇ ಆಗಿದ್ದರೆ, 50ನ್ನು 20ರಿಂದ ಭಾಗಿಸಿ ಬಂದ 2.5 ಆ ವರ್ಗದ ಆವರ್ತನ ಅನುಪಾತ. 35 ಡಿಗ್ರಿಗಿಂತ ಕಡಿದಾದ ನೆಲ ನೂರಕ್ಕೆ 10 ಪಾಲಿದ್ದು, ಕುಸಿತಗಳಲ್ಲಿ ಅದರ ಪಾಲು 6 ಆಗಿದ್ದರೆ ಅನುಪಾತ 0.6. ಒಂದಕ್ಕಿಂತ ಮೇಲಿದ್ದರೆ ಕುಸಿತಕ್ಕೆ ಒಲವು, ಕೆಳಗಿದ್ದರೆ ಒಲವಿಲ್ಲ. ಹೀಗೆ ಪ್ರತಿಯೊಂದು ಅಂಶದ ಪ್ರತಿಯೊಂದು ವರ್ಗಕ್ಕೂ ಅನುಪಾತವನ್ನು ಕಂಡುಕೊಂಡು, ತಂತ್ರಾಂಶದ ಗಣಕದಿಂದ ಕೋಶಕೋಶಕ್ಕೆ ಅವನ್ನು ಕೂಡಿಸಿದರೆ ಕುಸಿತದ ಒಲವಿನ ನಕ್ಷೆ ದೊರೆಯುತ್ತದೆ. ಈಗ ಬರಿಯ ಬಂಡೆಯ ಬೆಟ್ಟಕ್ಕೆ ಕೆಂಪು ಬಳಿಯುವ ಮೌಢ್ಯ ಹೋಗಿ, ಬಂಡೆಗೆ ಬಂಡೆಯ ಬೆಲೆ, ಮಣ್ಣಿಗೆ ಮಣ್ಣಿನ ಬೆಲೆ ಸಿಕ್ಕಿತು. ಇಷ್ಟಾದರೂ ಕೊಡಗಿನಲ್ಲಿ ಕಂಡ ಅನುಪಾತವನ್ನು ತಂದು ಪಾವಗಡಕ್ಕೆ ಹಚ್ಚುವಂತಿಲ್ಲ. ಒಂದು ನೆಲದ ಗಾಯಗಳು ಆ ನೆಲದ ಮಾತನ್ನು ಮಾತ್ರ ಆಡುತ್ತವೆ. ದಾಖಲೆಯಲ್ಲಿಯ ಎಲ್ಲ ಕುಸಿತಗಳನ್ನೂ ಲೆಕ್ಕಕ್ಕೆ ಬಳಸದೆ, ನೂರಕ್ಕೆ 30ರಷ್ಟನ್ನು ಬದಿಗಿರಿಸಿಕೊಂಡು, ನಕ್ಷೆ ಸಿದ್ಧವಾದ ಮೇಲೆ ಅವು ಅಪಾಯದ ಬಣ್ಣದಲ್ಲಿಯೇ ಬೀಳುತ್ತವೆಯೇ ಎಂದು ಪರೀಕ್ಷಿಸುವುದು ಪ್ರಾಮಾಣಿಕವಾದ ಕ್ರಮ. ಪರೀಕ್ಷೆಗೆ ಒಡ್ಡದ ನಕ್ಷೆಯು ಬಣ್ಣದ ಚಿತ್ರ ಮಾತ್ರ.

ಇಷ್ಟೆಲ್ಲ ಎಚ್ಚರಿಕೆಯಿಂದ ರಚಿಸಿದ ನಕ್ಷೆಯೂ ಒಂದು ಮುಖ್ಯ ಸಂಗತಿಯನ್ನು ಕಾಣಲಾರದು. ಅದು ಮನುಷ್ಯನ ಗುದ್ದಲಿ, ಈಚೆಗೆ ಮಣ್ಣು ಅಗೆಯುವ ಯಂತ್ರದ ಹಲ್ಲು. 20 ಡಿಗ್ರಿಯ ಇಳಿಜಾರಿನಲ್ಲಿ ಮನೆಯ ಅಂಗಳಕ್ಕಾಗಿ ಗುಡ್ಡವನ್ನು 5 ಮೀಟರು ಎತ್ತರಕ್ಕೆ ನೆಟ್ಟಗೆ ಕಡಿದು, ತೆಗೆದ ಮಣ್ಣನ್ನು ಮುಂದಕ್ಕೆ ಸುರಿದು ಸಮಮಾಡಿದರೆನ್ನೋಣ. ಬೆಟ್ಟದ ಬುಡದಿಂದ ಒಂದು ಸೇರು ರಾಗಿ ತೆಗೆದಂತಾಯಿತು. ಆದರೆ 30 ಮೀಟರಿನ ಕೋಶದಲ್ಲಿ ಕಡಿದ ಮಣ್ಣೂ ತುಂಬಿದ ಮಣ್ಣೂ ಸರಿದೂಗಿ, ಸರಾಸರಿ ಎತ್ತರ ಮೊದಲಿನಂತೆಯೇ ಉಳಿಯುತ್ತದೆ. ತಂತ್ರಾಂಶವು ಆಗಲೂ 20 ಡಿಗ್ರಿ ಎಂದೇ ಹೇಳುತ್ತದೆ, ಹಳದಿ ಬಣ್ಣವನ್ನೇ ಬಳಿಯುತ್ತದೆ. ಸಾಲದ್ದಕ್ಕೆ ಎತ್ತರವನ್ನು ಅಳೆದದ್ದು 2000ದಲ್ಲಿ. ಅಂಗಳ ಕಡಿದದ್ದು ಆಮೇಲೆ. ಕಾಡು, ತೋಟಗಳಿದ್ದಲ್ಲಿ ರೇಡಾರ್ ಅಳೆದದ್ದು ಬಹುಮಟ್ಟಿಗೆ ಮರಗಳ ನೆತ್ತಿಯನ್ನೇ ಹೊರತು ನೆಲವನ್ನಲ್ಲ ಎಂಬುದನ್ನೂ ಮರೆಯಬಾರದು.

ಇದು ಬರಿಯ ತರ್ಕವಲ್ಲ. ಕೊಡಗಿನ ದುರಂತದ ಬಳಿಕ ಸ್ಥಳಪರೀಕ್ಷೆ ನಡೆಸಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಅತಿವೃಷ್ಟಿಯ ಜೊತೆಗೆ ರಸ್ತೆ, ಮನೆ, ತಂಗುಮನೆಗಳಿಗಾಗಿ ಇಳಿಜಾರುಗಳನ್ನು ಅವೈಜ್ಞಾನಿಕವಾಗಿ ಕಡಿದುದನ್ನು ಕಾರಣವಾಗಿ ಎತ್ತಿ ತೋರಿಸಿದರು. 2024ರ ಜುಲೈ 16ರಂದು ಉತ್ತರ ಕನ್ನಡದ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ, 66ನೆಯ ರಾಷ್ಟ್ರೀಯ ಹೆದ್ದಾರಿಯನ್ನು ಅಗಲಗೊಳಿಸಲು ಕಡಿದ ಗುಡ್ಡವು ಹೆದ್ದಾರಿಯನ್ನೂ ದಾಟಿ ಗಂಗಾವಳಿ ನದಿಗೆ ನುಗ್ಗಿತು. ರಸ್ತೆಬದಿಯ ಚಹದ ಅಂಗಡಿಯವರು, ಲಾರಿಗಳವರು ಅದರಡಿ ಸಿಲುಕಿದರು. ನದಿಗೆ ಬಿದ್ದ ಮಣ್ಣಿನ ಹೊಡೆತಕ್ಕೆ ನೀರು ಉಕ್ಕಿ ಎದುರು ದಡದ ಉಳುವರೆಯ ಮನೆಗಳನ್ನೂ ಕೆಡವಿತು. ಉಳುವರೆಯು ಗುಡ್ಡದ ಬುಡದಲ್ಲಿಲ್ಲ, ನಡುವೆ ಒಂದು ನದಿಯೇ ಇದೆ. ಯಾವ ಇಳಿಜಾರಿನ ನಕ್ಷೆಯೂ ಆ ಮನೆಗಳಿಗೆ ಕೆಂಪು ಬಣ್ಣವನ್ನು ಬಳಿಯುತ್ತಿರಲಿಲ್ಲ.

ಅದೇ ತಿಂಗಳ 30ರ ನಸುಕಿನಲ್ಲಿ ಕೇರಳದ ವಯನಾಡಿನಲ್ಲಿ ನಡೆದುದು ಇದೇ ಪಾಠವನ್ನು ಇನ್ನೂ ಕ್ರೂರವಾಗಿ ತೋರಿಸಿತು. ಸಮುದ್ರಮಟ್ಟದಿಂದ ಸುಮಾರು 1550 ಮೀಟರು ಎತ್ತರದಲ್ಲಿ ಕಳಚಿದ ಬೆಟ್ಟವು ಹೊಳೆಯ ಪಾತ್ರವನ್ನು ಹಿಡಿದು, ದಾರಿಯ ಕಲ್ಲು, ಮರಗಳನ್ನೆಲ್ಲ ಬಾಚಿಕೊಂಡು ಸುಮಾರು 8 ಕಿಲೋಮೀಟರು ಓಡಿತು. ಮುಂಡಕ್ಕೈ, ಚೂರಲ್‌ಮಲ ಊರುಗಳ ಜನರು ಮಲಗಿದ್ದುದು ಹೊಳೆಯ ದಂಡೆಯ ಹೆಚ್ಚು ಇಳಿಜಾರಿಲ್ಲದ ನೆಲದಲ್ಲಿ. ಕುಸಿತದ ನಕ್ಷೆಗಳಲ್ಲಿ ಬಹುತೇಕವು ಗುಡ್ಡ ಎಲ್ಲಿಂದ ಹೊರಡುತ್ತದೆಂಬುದನ್ನು ಹೇಳುತ್ತವೆ; ಎಲ್ಲಿಗೆ ತಲುಪುತ್ತದೆಂಬುದನ್ನು ಹೇಳುವುದಿಲ್ಲ. ಸಾಯುವವರು ಬಹುಮಟ್ಟಿಗೆ ತಲುಪುವ ಕಡೆ ಇರುವವರು. ಆದುದರಿಂದ ಒಲವಿನ ನಕ್ಷೆಯ ಕೆಂಪು ಕೋಶಗಳಿಂದ ಕೆಳಮುಖವಾಗಿ ನೀರು ಹರಿಯುವ ದಾರಿಗಳನ್ನು ತಂತ್ರಾಂಶದಿಂದಲೇ ಎಳೆಸಿ, ಆ ದಾರಿಗಳ ಇಕ್ಕೆಲದ ಮನೆಗಳನ್ನು ಪ್ರತ್ಯೇಕವಾಗಿ ಗುರುತಿಸುವುದು ಅವಶ್ಯ. ಎತ್ತರದ ದತ್ತಾಂಶದಿಂದ ಹೊಳೆಗಳನ್ನು ಕಂಡುಹಿಡಿಯುವ ಸಲಕರಣೆಗಳು ಗ್ರಾಸ್‌ನಲ್ಲಿ ಸಿದ್ಧವಾಗಿಯೇ ಇವೆ.

ಈ ಸಂದರ್ಭದಲ್ಲಿ ಮೂರು ಮಾತುಗಳ ಭೇದವನ್ನು ಅರಿಯಬೇಕು. ಒಂದು ಸ್ಥಳ ಕುಸಿಯುವ ಸ್ವಭಾವವುಳ್ಳದ್ದೆಂಬುದು ಒಲವು ಅಥವಾ ಪ್ರವಣತೆ. ಇಂತಿಷ್ಟು ಕಾಲದಲ್ಲಿ, ಇಂತಿಷ್ಟು ಮಳೆಗೆ, ಇಂತಿಷ್ಟು ದೊಡ್ಡ ಕುಸಿತ ಆದೀತೆಂಬುದು ಸಂಭವ. ಆ ಸಂಭವದ ದಾರಿಯಲ್ಲಿ ಮನೆ, ಶಾಲೆ, ಜನ ಇದ್ದು ಆಗಬಹುದಾದ ಹಾನಿಯೇ ನಿಜವಾದ ಅಪಾಯ. ನಿರ್ಜನವಾದ ಕಾಡಿನಲ್ಲಿ ಒಲವು ಎಷ್ಟೇ ಇದ್ದರೂ ಅಪಾಯ ಅಲ್ಪ. ಒಲವು ಸಾಧಾರಣವಾಗಿದ್ದರೂ ಕೆಳಗೆ ಶಾಲೆಯಿದ್ದರೆ ಅಪಾಯ ದೊಡ್ಡದು. 2020ರ ಆಗಸ್ಟ್ ಮೊದಲ ವಾರದಲ್ಲಿ ತಲಕಾವೇರಿಯ ಬ್ರಹ್ಮಗಿರಿ ಕುಸಿದಾಗ ಅದರ ದಾರಿಯಲ್ಲಿ ಅರ್ಚಕರ ಮನೆಯಿತ್ತು. ಮನೆಯಲ್ಲಿದ್ದ 5 ಮಂದಿ ಮಣ್ಣುಪಾಲಾದರು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯು ದೇಶದ ನೆಲದಲ್ಲಿ ನೂರಕ್ಕೆ 12.6 ಪಾಲು, ಎಂದರೆ ಸುಮಾರು 4.2 ಲಕ್ಷ ಚದರ ಕಿಲೋಮೀಟರು, ಕುಸಿತಕ್ಕೆ ಒಳಗಾಗಬಹುದಾದುದೆಂದು ಗುರುತಿಸಿ, 2014ರಿಂದ ಅದರ ಪ್ರವಣತಾ ನಕ್ಷೆಗಳನ್ನು ರಚಿಸುವ ರಾಷ್ಟ್ರೀಯ ಕಾರ್ಯಕ್ರಮವನ್ನು ಕೈಗೊಂಡಿತು. ಅದರ ಪ್ರಮಾಣ ಐವತ್ತು ಸಾವಿರಕ್ಕೆ ಒಂದು. ಆ ನಕ್ಷೆಯಲ್ಲಿ 25 ಮೀಟರಿನ ಮನೆಯ ನಿವೇಶನವು ಅರ್ಧ ಮಿಲಿಮೀಟರು. ಘನವಾದ ಕಾರ್ಯ, ಸಂದೇಹವಿಲ್ಲ. ಆದರೆ ಅರ್ಧ ಮಿಲಿಮೀಟರಿನ ಚುಕ್ಕೆಯನ್ನು ನೋಡಿ ಇದು ನನ್ನ ಮನೆಯ ಹಿಂದಿನ ಧರೆಯೆಂದು ಯಾವ ಗೃಹಸ್ಥನೂ ಗುರುತಿಸಲಾರ.

ಈ ಕೊರತೆಯನ್ನು ತುಂಬಬಲ್ಲವರು ಸ್ಥಳೀಯರು. ನಕ್ಷೆಯನ್ನು ಕಾಗದದಲ್ಲಿ ಅಚ್ಚು ಹಾಕಿಸಿಕೊಂಡು, ಅಥವಾ ಕ್ಯೂಜಿಐಎಸ್‌ನ ಕೆಲಸವನ್ನು ಹಾಗೆಯೇ ಕೈಫೋನಿಗೆ ಇಳಿಸಿಕೊಡುವ ಕ್ಯೂಫೀಲ್ಡ್ ಎಂಬ ಇನ್ನೊಂದು ಉಚಿತ ತಂತ್ರಾಂಶವನ್ನು ಹಿಡಿದು, ಗುಡ್ಡದ ಬುಡದಲ್ಲಿ ನಡೆಯಬೇಕು. ಕಡಿದ ಧರೆಯ ಎತ್ತರವೆಷ್ಟು, ಅದಕ್ಕೆ ತಡೆಗೋಡೆಯುಂಟೇ, ಗೋಡೆಯಲ್ಲಿ ನೀರು ಹೊರಹೋಗುವ ತೂತುಗಳುಂಟೇ, ಮನೆಯ ಮೇಲ್ಭಾಗದಲ್ಲಿ ನೀರು ಇಂಗುವ ಗುಂಡಿಗಳುಂಟೇ, ನೆತ್ತಿಯ ನೆಲದಲ್ಲಿ ಬಿರುಕು ಬಿಟ್ಟಿದೆಯೇ, ಮರ, ಕಂಬಗಳು ಕೆಳಮುಖವಾಗಿ ವಾಲಿವೆಯೇ, ಮಳೆಗಾಲದಲ್ಲಿ ಒರತೆಯ ನೀರು ಕೆಸರಾಗಿ ಬರುತ್ತದೆಯೇ, ಈ ವಿವರಗಳನ್ನು ಸ್ಥಳದಲ್ಲಿಯೇ ದಾಖಲಿಸಬೇಕು. ಹಿರಿಯರನ್ನು ಕೇಳಿದರೆ ಉಪಗ್ರಹ ಹುಟ್ಟುವ ಮೊದಲಿನ ಕುಸಿತಗಳೂ ತಿಳಿಯುತ್ತವೆ. ಜರಿದ ಗುಡ್ಡದ ನೆನಪು ಊರ ಹಿರಿಯರಿಂದ ಸುಲಭವಾಗಿ ಅಳಿಯುವುದಿಲ್ಲ. ಮಳೆಯ ಲೆಕ್ಕಕ್ಕೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿಗಳ ಮಟ್ಟದವರೆಗೆ ಇರಿಸಿರುವ ಸ್ವಯಂಚಾಲಿತ ಮಾಪಕಗಳ ಅಂಕಿಗಳು ಉಪಯುಕ್ತ.

ನಾಗಲಮಡಿಕೆಯ ಕಡೆಯ ವಿದ್ಯಾರ್ಥಿಗೆ ಮಣ್ಣಿನ ಕುಸಿತದ ಲೆಕ್ಕವು ದೂರದ ಊರಿನ ಲೆಕ್ಕವಾಗಿ ತೋರಬಹುದು. ಆದರೆ ಗ್ರಾನೈಟಿನ ಬೆಟ್ಟಗಳಿಗೂ ತಮ್ಮದೇ ಆದ ಬಗೆಯುಂಟು. ಬಿಸಿಲು, ಮಳೆಗಳಿಂದ ಬಂಡೆಯ ಮೈ ಈರುಳ್ಳಿಯ ಸಿಪ್ಪೆಯಂತೆ ಪದರಪದರವಾಗಿ ಸುಲಿಯುತ್ತದೆ. ಸೀಳುಗಳ ಮೂಲಕ ನೀರು ಇಳಿದು ದುಂಡುಗುಂಡುಗಳನ್ನು ಬಿಡಿಸುತ್ತದೆ. ಅರಳಿ, ಗೋಣಿಮರಗಳ ಬೇರು ಸೀಳನ್ನು ಅಗಲ ಮಾಡುತ್ತದೆ. ಆಗ ಉರುಳುವುದು ಮಣ್ಣಲ್ಲ, ಗುಂಡು. ಇದರ ಅಂದಾಜಿಗೆ ಸ್ಥೂಲವಾದ ಕ್ರಮವೊಂದಿದೆ. ಗುಂಡು ಕಳಚಬಹುದಾದ ಜಾಗದಿಂದ ಅದು ನಿಲ್ಲುವ ಜಾಗಕ್ಕೆ ಎಳೆದ ಗೆರೆಯು ಸಮತಲದೊಡನೆ ಸಾಮಾನ್ಯವಾಗಿ 30 ಡಿಗ್ರಿಯ ಆಸುಪಾಸಿನ ಕೋನವನ್ನು ಮಾಡುತ್ತದೆ. 100 ಮೀಟರು ಎತ್ತರದಲ್ಲಿರುವ ಗುಂಡು ಸುಮಾರು 170 ಮೀಟರು ಅಡ್ಡದೂರದವರೆಗೆ ಬರಬಲ್ಲದೆಂದಾಯಿತು. ಎತ್ತರದ ಚೌಕವೂ ಈ ಕೋನವೂ ಇದ್ದರೆ ಪಾವಗಡ ಅಥವಾ ಮಧುಗಿರಿಯ ಬೆಟ್ಟದ ಸುತ್ತ ಅಂಥ ವಲಯವನ್ನು ಎಳೆಯಬಹುದು. ಅದರೊಳಗೆ ಬೀಳುವ ಮನೆ, ಶಾಲೆ, ದಾರಿಗಳನ್ನು ಮುಕ್ತ ಬೀದಿನಕ್ಷೆಯಿಂದ ಪಡೆದು ಎಣಿಸಬಹುದು. ಅಲ್ಲಿಂದ ಮುಂದೆ ಬೆಟ್ಟ ಹತ್ತಿ, ತಳ ಸವೆದು ತೂಗಾಡುವಂತಿರುವ ಗುಂಡುಗಳು ಯಾವುವೆಂದು ಕಣ್ಣಿನಿಂದಲೇ ಗುರುತಿಸಬೇಕಾಗುತ್ತದೆ. 30 ಮೀಟರಿನ ಕೋಶಕ್ಕೆ 3 ಮೀಟರಿನ ಗುಂಡು ಕಾಣದು.

ಕೆಲಸಕ್ಕೆ ಹೊತ್ತು ನೋಡಿಕೊಳ್ಳುವುದು ಒಳ್ಳೆಯದು. ಗ್ರಾನೈಟಿನ ಬೆಟ್ಟಗಳಲ್ಲಿ ಸೀಳುಗಳು ಸ್ಪಷ್ಟವಾಗಿ ಕಾಣುವುದು ಹುಲ್ಲೆಲ್ಲ ಒಣಗಿದ ಮಾಘ, ಫಾಲ್ಗುಣಗಳಲ್ಲಿ. ಘಟ್ಟದ ಕಡೆ ಒರತೆ, ಬಿರುಕುಗಳು ಕಾಣುವುದು ಮಳೆ ಹಿಂದೆಗೆದ ಕೂಡಲೆ, ಗಿಡ ಬೆಳೆದು ಗಾಯ ಮುಚ್ಚುವ ಮುಂಚೆ. ಪ್ರತಿವರ್ಷವೂ ಹೊಸ ಕುಸಿತಗಳನ್ನು ದಾಖಲೆಗೆ ಸೇರಿಸಿ ಅನುಪಾತಗಳನ್ನು ಮತ್ತೆ ಲೆಕ್ಕ ಹಾಕಬೇಕು. ಹಿಂದಿನ ವರ್ಷ ಹಸುರಿನಲ್ಲಿ ಬಿದ್ದ ಕುಸಿತ ಒಂದಾದರೂ ಇದ್ದಲ್ಲಿ, ಅದು ಹಸುರಿನಲ್ಲಿ ಬಿದ್ದುದೇಕೆಂದು ಮೊದಲು ಆ ಸ್ಥಳಕ್ಕೇ ಹೋಗಿ ನೋಡಬೇಕು.